ಏಪ್ರಿಲ್ ರಜೆ, ನಾಲ್ಕು ಜನ, 1.75 ಲಕ್ಷ ರೂಪಾಯಿ: ಯಾವ ದ್ವೀಪಕ್ಕೆ ಹೋಗುವುದು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಅಂಚೆ ಇಲಾಖೆಯ ನೌಕರ. ಏಪ್ರಿಲ್ ಮೂರನೇ ವಾರದಲ್ಲಿ ಮಗಳ ಶಾಲೆಗೆ ರಜೆ ಇರುವಾಗ ಮನೆಮಂದಿಯೆಲ್ಲ ಯಾವುದಾದರೂ ದ್ವೀಪಕ್ಕೆ ಹೋಗಿ ಒಂದು ವಾರ ಇದ್ದು ಬರಬೇಕೆಂದಿದ್ದೇವೆ. ಪತ್ನಿ, ಎಂಟನೇ ತರಗತಿ ಮುಗಿಸಿದ ಮಗಳು, 66 ವರ್ಷದ ತಾಯಿ ಸೇರಿ ನಾಲ್ವರು. ಎಲ್ಲರೂ ಸಸ್ಯಾಹಾರಿಗಳು. ತಾಯಿಗೆ ಮಂಡಿನೋವಿದೆ. ಇದಕ್ಕೆಂದು 1.75 ಲಕ್ಷ ರೂಪಾಯಿ ಎತ್ತಿಟ್ಟಿದ್ದೇವೆ. ಮಗಳಿಗೆ ಮಾಲ್ಡೀವ್ಸ್ ಆಸೆ, ಪತ್ನಿಗೆ ಬಾಲಿ. ಏಜೆಂಟರೊಬ್ಬರು ಮಾಲ್ಡೀವ್ಸ್‌ಗೆ ನಾಲ್ಕು ರಾತ್ರಿಗೆ ತಲಾ 42 ಸಾವಿರದ ಪ್ಯಾಕೇಜ್ ಹೇಳಿದ್ದಾರೆ. ಅಂಡಮಾನ್, ಲಕ್ಷದ್ವೀಪ, ಶ್ರೀಲಂಕಾಗಳ ಹೆಸರೂ ಮನೆಯಲ್ಲಿ ಓಡಾಡುತ್ತಿವೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಅಂಡಮಾನ್‌ಗೆ ಹೋಗಿ. ನಿಮ್ಮ ತಿಂಗಳು, ನಿಮ್ಮ ಹಣ, ನಿಮ್ಮ ತಾಯಿಯವರ ಮಂಡಿ ಮೂರಕ್ಕೂ ಹೊಂದುವುದು ಅದೊಂದೇ. ಅದರ ಮೇಲೆ ನಿಮ್ಮ ನೌಕರಿಯಿಂದ ಸಿಗಬಹುದಾದ ಒಂದು ಅನುಕೂಲವೂ ಇದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಉಳಿದವನ್ನು ಏಕೆ ಬಿಡಬೇಕೆಂದು ಲೆಕ್ಕ ಹಾಕಿ ತೋರಿಸುತ್ತೇನೆ, ಏಕೆಂದರೆ ಮನೆಯಲ್ಲಿ ಮಗಳಿಗೂ ಪತ್ನಿಗೂ ನೀವು ಉತ್ತರ ಕೊಡಬೇಕಾಗುತ್ತದೆ.

ದ್ವೀಪ ಆರಿಸುವಾಗ ಎಲ್ಲರೂ ನೋಡುವುದು ವಿಮಾನದ ದರ ಮತ್ತು ಕೋಣೆಯ ಬಾಡಿಗೆ. ಇವೆರಡೂ ಮೊಬೈಲ್ ತೆರೆದರೆ ಕಣ್ಣಿಗೆ ಬೀಳುವ ಲೆಕ್ಕಗಳು. ಬಜೆಟ್ ಮುರಿಯುವುದು ಇವುಗಳಿಂದಲ್ಲ. ವಿಮಾನ ನಿಲ್ದಾಣದಿಂದ ನೀವು ಮಲಗುವ ಕೋಣೆಯವರೆಗೆ ಎಷ್ಟು ಸಲ ನೀರು ದಾಟಬೇಕು, ಪ್ರತಿ ಸಲ ತಲೆಗೆ ಎಷ್ಟು ಬೀಳುತ್ತದೆ ಎಂಬುದರಿಂದ. ವಿಮಾನದಲ್ಲಾದರೆ ರಿಯಾಯಿತಿ ಸಿಗುತ್ತದೆ, ಕೋಣೆಯಲ್ಲಾದರೆ ಇಬ್ಬರು ಹಂಚಿಕೊಳ್ಳುತ್ತೀರಿ. ದೋಣಿಯಲ್ಲಿ ಹಾಗಿಲ್ಲ, ಅದು ತಲೆಗಿಷ್ಟು ಎಂದೇ ಎಣಿಸುತ್ತದೆ. ಪ್ರತಿ ದಾಟುವಿಕೆಗೂ ಅರ್ಧ ದಿನ ಹೋಗುತ್ತದೆ, ಸಾಮಾನು ಹತ್ತಿಸಿ ಇಳಿಸಬೇಕು, ಮಂಡಿನೋವಿನವರು ಮೆಟ್ಟಿಲೇರಬೇಕು. ಹಾಗಾಗಿ ಯಾವ ದ್ವೀಪದ ಹೆಸರು ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಇದು: ಎಷ್ಟು ಸಲ ನೀರು ದಾಟಬೇಕು? ಎರಡನೆಯದು: ಆ ತಿಂಗಳಲ್ಲಿ ಅಲ್ಲಿನ ಕಡಲು ಹೇಗಿರುತ್ತದೆ?

ಮಗಳ ಆಸೆಯನ್ನು ಮೊದಲು ತೆಗೆದುಕೊಳ್ಳೋಣ. ಆಕೆ ಚಿತ್ರಗಳಲ್ಲಿ ನೋಡಿರುವುದು ನೀರಿನ ಮೇಲೆ ಕಟ್ಟಿದ ಮರದ ಮನೆಗಳಿರುವ ರೆಸಾರ್ಟ್ ದ್ವೀಪ. ಅಲ್ಲಿನ ಒಂದು ಕೋಣೆಗೆ ರಾತ್ರಿಗೆ 300 ಡಾಲರ್ ಎಂದು ಬರೆದು ಪಕ್ಕದಲ್ಲಿ ಎರಡು ಕೂಡಿಸು ಚಿಹ್ನೆ ಹಾಕಿರುತ್ತಾರೆ. ಆ ಎರಡು ಚಿಹ್ನೆಗಳಲ್ಲಿ ಒಂದು ಶೇ 10ರ ಸೇವಾ ಶುಲ್ಕ, ಇನ್ನೊಂದು ಅದರ ಮೇಲೆ ಬೀಳುವ ಶೇ 17ರ ಪ್ರವಾಸೋದ್ಯಮ ತೆರಿಗೆ. 300 ಎಂದದ್ದು 386 ಡಾಲರ್ ಆಗುತ್ತದೆ. ಇದಲ್ಲದೆ 2025ರ ಜನವರಿಯಿಂದ ರೆಸಾರ್ಟ್‌ಗಳಲ್ಲಿ ತಲೆಗೆ ದಿನಕ್ಕೆ 12 ಡಾಲರ್ ಹಸಿರು ತೆರಿಗೆ ಇದೆ. ನಿಮಗೆ ಬೇಕಾದದ್ದು ಎರಡು ಕೋಣೆ. ದೂರದ ಹವಳದ್ವೀಪವಾದರೆ ರಾಜಧಾನಿ ಮಾಲೆಯಿಂದ ಸೀಪ್ಲೇನ್‌ನಲ್ಲಿ, ಅಂದರೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ, ಹೋಗಬೇಕು. ಹೋಗಿಬರಲು ತಲೆಗೆ 400 ಡಾಲರ್ ಎಂದು ಹಿಡಿದರೂ ನಾಲ್ವರಿಗೆ 1,600 ಡಾಲರ್. ಡಾಲರಿಗೆ 90 ರೂಪಾಯಿಯ ಲೆಕ್ಕದಲ್ಲಿ ಅದು 1.44 ಲಕ್ಷ. ಆ ಒಂದು ಹಾರಾಟಕ್ಕೇ ನಿಮ್ಮ ಗಂಟು ಕರಗುತ್ತದೆ. ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುವುದರಿಂದ, ನಿಮ್ಮ ವಿಮಾನ ಸಂಜೆ ಇಳಿದರೆ ಮಾಲೆಯ ಬಳಿ ಒಂದು ರಾತ್ರಿ ಬೇರೆ ಕಳೆಯಬೇಕು.

ಏಜೆಂಟರು 42 ಸಾವಿರಕ್ಕೆ ಕೊಡುತ್ತೇನೆ ಎಂದಿರುವುದು ಇದಲ್ಲ. ಆ ದರದಲ್ಲಿ ಸಾಮಾನ್ಯವಾಗಿ ಸಿಗುವುದು ಮಾಫುಶಿಯಂಥ ಜನವಸತಿಯ ದ್ವೀಪದ ಗೆಸ್ಟ್‌ಹೌಸ್. ಅದರಲ್ಲಿ ತಪ್ಪೇನೂ ಇಲ್ಲ, ನಾನು ಹಲವರಿಗೆ ಅದನ್ನೇ ಸೂಚಿಸಿದ್ದೇನೆ. ಸ್ವಚ್ಛವಾದ ಊರು, ತಿಳಿನೀರು, ಮಾಲೆಯಿಂದ ಸ್ಪೀಡ್‌ಬೋಟ್‌ನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಆದರೆ ಆ ಮೊತ್ತದಲ್ಲಿ ಏನು ಸೇರಿಲ್ಲ ಎಂಬುದನ್ನು ಬರೆದುಕೊಡಲು ಹೇಳಿ. ಹಸಿರು ತೆರಿಗೆ ಸೇರಿದೆಯೇ? ಸಣ್ಣ ಗೆಸ್ಟ್‌ಹೌಸ್‌ಗಳಲ್ಲಿ ತಲೆಗೆ ದಿನಕ್ಕೆ 6 ಡಾಲರ್. ನಾಲ್ವರಿಗೆ ನಾಲ್ಕು ರಾತ್ರಿಗೆ 96 ಡಾಲರ್. ದೋಣಿ ಸೇರಿದೆಯೇ? ಒಂದು ದಾರಿಗೆ ತಲೆಗೆ 25 ಡಾಲರ್ ಎಂದುಕೊಂಡರೂ ಹೋಗಿಬರಲು 200. ಊಟ? ಪ್ಯಾಕೇಜ್‌ಗಳಲ್ಲಿ ಹೆಚ್ಚಾಗಿ ಬೆಳಗಿನ ತಿಂಡಿಯಷ್ಟೇ ಇರುತ್ತದೆ. ಎರಡು ಹೊತ್ತಿನ ಊಟಕ್ಕೆ ತಲೆಗೆ ಹೊತ್ತಿಗೆ 12 ಡಾಲರ್ ಹಿಡಿದರೆ ನಾಲ್ಕು ದಿನಕ್ಕೆ 384. ಮೂರೂ ಸೇರಿ 680 ಡಾಲರ್, ಅಂದರೆ 61 ಸಾವಿರ ರೂಪಾಯಿ. 1.68 ಲಕ್ಷ ಎಂದದ್ದು 2.29 ಲಕ್ಷಕ್ಕೆ ಬಂದು ನಿಂತಿತು, ಮಗಳು ಇನ್ನೂ ನೀರಿಗಿಳಿದಿಲ್ಲ. ಊಟದ ವಿಷಯದಲ್ಲಿ ಇನ್ನೊಂದು ಮಾತು: ಅಲ್ಲಿನ ಅಡುಗೆಯ ಬೆನ್ನೆಲುಬು ಟ್ಯೂನಾ ಮೀನು. ತಿಂಡಿಯಲ್ಲಿ, ಪಲ್ಯದಲ್ಲಿ, ತೆಂಗಿನಕಾಯಿ ಕಲಸಿದ ರೊಟ್ಟಿಯ ಜೊತೆಯಲ್ಲಿ ಎಲ್ಲೆಡೆ ಅದಿರುತ್ತದೆ. ನಿಮಗೆ ಅನ್ನ, ಬೇಳೆ, ನೂಡಲ್ಸ್ ಸಿಗುತ್ತವೆ, ಆದರೆ ತಾಯಿಯವರು ನಾಲ್ಕು ದಿನ ಅದರಲ್ಲೇ ಕಳೆಯಬೇಕಾಗುತ್ತದೆ.

ಬಾಲಿಗೆ ಏಪ್ರಿಲ್ ಒಳ್ಳೆಯ ತಿಂಗಳು. ಮಳೆಗಾಲ ಮುಗಿದು ಗದ್ದೆಗಳು ಹಸಿರಾಗಿರುತ್ತವೆ. ದೊಡ್ಡ ದ್ವೀಪವಾದ್ದರಿಂದ ವಿಮಾನ ನಿಲ್ದಾಣದಿಂದ ಕೋಣೆಗೆ ಕಾರಿನಲ್ಲೇ ಹೋಗಬಹುದು, ನೀರು ದಾಟಬೇಕಿಲ್ಲ. ಸಸ್ಯಾಹಾರಕ್ಕೂ ಉಬುದ್ ಕಡೆ ತೊಂದರೆಯಿಲ್ಲ. ಕೋಣೆ ಅಗ್ಗ. ಆದರೆ ದೂರ. ಬೆಂಗಳೂರಿನಿಂದ ಹೋಗಿಬರುವ ಟಿಕೆಟ್ಟು ರಜೆಯ ದಿನಗಳಲ್ಲಿ ತಲಾ 30 ಸಾವಿರಕ್ಕಿಂತ ಕೆಳಗೆ ಸಿಗುವುದು ಕಷ್ಟ. ಇಳಿದಾಗ ಪಡೆಯುವ ವೀಸಾಕ್ಕೆ ಇಂಡೊನೇಷ್ಯಾದ ಹಣದಲ್ಲಿ 5 ಲಕ್ಷ ರುಪಯ, 2024ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಪ್ರವಾಸಿ ಶುಲ್ಕ 1.5 ಲಕ್ಷ ರುಪಯ. ಎರಡೂ ಸೇರಿ ತಲೆಗೆ ನಮ್ಮ ಸುಮಾರು ಮೂರೂವರೆ ಸಾವಿರ ರೂಪಾಯಿ. ಅಲ್ಲಿ ಕಾಲಿಡುವ ಹೊತ್ತಿಗೆ 1.34 ಲಕ್ಷ ಖರ್ಚಾಗಿರುತ್ತದೆ. ಉಳಿದ 41 ಸಾವಿರದಲ್ಲಿ ಒಂದು ವಾರ ನಾಲ್ವರು ಇರಲು ಆಗದು. ಪತ್ನಿಯವರಿಗೆ ಹೇಳಿ, ಬಾಲಿ 2.5 ಲಕ್ಷದ ಪ್ರವಾಸ. ಅಷ್ಟು ಕೂಡಿದ ವರ್ಷ ಖಂಡಿತ ಹೋಗಿ. ನನಗೂ ಬಹಳ ಪ್ರೀತಿಯ ದ್ವೀಪ ಅದು.

ಶ್ರೀಲಂಕಾ ನನ್ನ ಎರಡನೇ ಆಯ್ಕೆ. ಅಲ್ಲಿಯೂ ನೀರು ದಾಟುವ ತಾಪತ್ರಯವಿಲ್ಲ. ನಾಲ್ವರಿಗೊಂದು ವ್ಯಾನ್, ಅದಕ್ಕೊಬ್ಬ ಚಾಲಕ ಎಂದು ದಿನಕ್ಕಿಷ್ಟು ಗೊತ್ತು ಮಾಡಿಕೊಂಡರೆ ತಾಯಿಯವರು ಬಾಗಿಲಲ್ಲಿ ಹತ್ತಿ ಬಾಗಿಲಲ್ಲಿ ಇಳಿಯಬಹುದು. ಒಂದು ಎಚ್ಚರಿಕೆ ಬೇಕು. ಆ ದ್ವೀಪಕ್ಕೆ ಎರಡು ಮಳೆಗಾಲ. ಬೆಂಟೋಟ, ಮಿರಿಸ್ಸದಂಥ ನೈಋತ್ಯ ತೀರಗಳು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಚೆಂದ. ಏಪ್ರಿಲ್ ಕೊನೆಗೆ ಅಲ್ಲಿ ಮಧ್ಯಾಹ್ನದ ಗುಡುಗು ಮಳೆ ಶುರುವಾಗಿರುತ್ತದೆ. ಆಗ ಪೂರ್ವಕ್ಕೆ, ಟ್ರಿಂಕೋಮಲಿಯ ಕಡೆಗೆ ಹೋಗಬೇಕು. ನಿಲಾವೆಲಿಯ ಆಳವಿಲ್ಲದ ಕಡಲು, ಬಂಡೆಯ ತುದಿಯ ಕೋಣೇಶ್ವರ ದೇವಾಲಯ, ತಮಿಳರ ಊಟದ ಮನೆಗಳು ನಿಮ್ಮ ಮನೆಯವರಿಗೆ ಹಿಡಿಸುತ್ತವೆ. ಕೊಲಂಬೊ ವಿಮಾನ ನಿಲ್ದಾಣದಿಂದ ರಸ್ತೆಯಲ್ಲಿ ಆರು ತಾಸು. ಏಪ್ರಿಲ್ 13 ಮತ್ತು 14 ಅಲ್ಲಿನ ಹೊಸ ವರ್ಷ. ಆ ವಾರ ಅಂಗಡಿ ಮುಚ್ಚಿರುತ್ತವೆ, ವ್ಯಾನ್ ಸಿಗುವುದಿಲ್ಲ, ಕೋಣೆ ದುಬಾರಿ. ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಬರುತ್ತದೆ ಎಂಬುದು ನನ್ನ ಅಂದಾಜು.

ಲಕ್ಷದ್ವೀಪದ ಬಗ್ಗೆ ಹೇಳುವಾಗ ಮನಸ್ಸು ಹಿಡಿದುಕೊಂಡೇ ಹೇಳುತ್ತೇನೆ, ಏಕೆಂದರೆ ನಮ್ಮ ದೇಶದಲ್ಲಿ ಅಷ್ಟು ತಿಳಿಯಾದ ನೀರು ಬೇರೆಲ್ಲೂ ಇಲ್ಲ. ಕನ್ನಡ ನಾಡಿಗೆ ಅದು ದೂರದ ನೆಂಟಸ್ತಿಕೆಯೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕಿನ ದೋಣಿಗಳು ತರಕಾರಿ, ಜಲ್ಲಿ, ಸಿಮೆಂಟ್ ಹೊತ್ತು ಆ ದ್ವೀಪಗಳಿಗೆ ಹೋಗುತ್ತವೆ. ಆದರೆ ಭಾರತೀಯರಾದ ನಮಗೂ ಅಲ್ಲಿ ಕಾಲಿಡಲು ಪರವಾನಗಿ ಬೇಕು. ಜನವಸತಿ ಇರುವುದು ಹತ್ತೇ ದ್ವೀಪಗಳಲ್ಲಿ. ಹಾಸಿಗೆಗಳು ಕಡಿಮೆ, ಕೊಚ್ಚಿಯಿಂದ ಹೊರಡುವ ಹಡಗಿನಲ್ಲಿ ಜಾಗವೂ ಕಡಿಮೆ. ನಿಮ್ಮ ವಿಷಯದಲ್ಲಿ ನನ್ನನ್ನು ತಡೆಯುವುದು ಇನ್ನೊಂದು ಕಾರಣ. ಹವಳದಿಬ್ಬ ಅಡ್ಡ ಇರುವುದರಿಂದ ಹಲವು ಕಡೆ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಹೊರಗಡಲಲ್ಲೇ ನಿಲ್ಲುತ್ತದೆ. ಹಡಗಿನ ಬದಿಯ ಬಾಗಿಲಿನಿಂದ ಕೆಳಗೆ ಅಲೆಗೆ ಏರಿಳಿಯುವ ಸಣ್ಣ ದೋಣಿಗೆ ಕಾಲಿಡಬೇಕು. ಸಿಬ್ಬಂದಿ ಕೈಹಿಡಿದು ಇಳಿಸುತ್ತಾರೆ, ನಿಜ. ಮಂಡಿನೋವಿನ ಹಿರಿಯರನ್ನು ದಿನಕ್ಕೆರಡು ಸಲ ಹಾಗೆ ಇಳಿಸಿ ಹತ್ತಿಸುವ ಪ್ರವಾಸವನ್ನು ನಾನು ಸೂಚಿಸಲಾರೆ. ಮುಂದೆ ನೀವು ಮೂವರೇ ಹೋಗುವಂತಾದರೆ ತಪ್ಪದೆ ಯೋಚಿಸಿ.

ಈಗ ಅಂಡಮಾನ್. ಏಪ್ರಿಲ್‌ನಲ್ಲಿ ಅಲ್ಲಿನ ಕಡಲು ವರ್ಷದಲ್ಲೇ ಶಾಂತವಾಗಿರುತ್ತದೆ. ಮೇ ನಡುವಿನ ಹೊತ್ತಿಗೆ ಮುಂಗಾರು ಅಲ್ಲಿಗೆ ನಮಗಿಂತ ಮೊದಲೇ ಮುಟ್ಟುತ್ತದೆ, ಹಾಗಾಗಿ ರಜೆಯ ಮೊದಲ ಭಾಗದಲ್ಲೇ ಹೋಗುವ ನಿಮ್ಮ ಯೋಚನೆ ಸರಿಯಾಗಿದೆ. ಸೆಕೆ ಇರುತ್ತದೆ, ಅದಕ್ಕೆ ಸಿದ್ಧರಾಗಿರಿ. ರಾಜಧಾನಿ ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ. ಹ್ಯಾವ್ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಟಿಕೆಟ್ ಹುಡುಕುವಾಗ ಎರಡೂ ಹೆಸರು ಎದುರಾಗುತ್ತವೆ.

ನಿಮ್ಮ ನೌಕರಿಯ ಅನುಕೂಲ ಎಂದೆನಲ್ಲ, ಅದು ಎಲ್‌ಟಿಸಿ, ಅಂದರೆ ರಜೆಯಲ್ಲಿ ನೌಕರರ ಮನೆಮಂದಿಯ ಪ್ರಯಾಣದ ಖರ್ಚನ್ನು ಸರ್ಕಾರ ಕೊಡುವ ಸೌಲಭ್ಯ. ಕೇಂದ್ರ ಸರ್ಕಾರಿ ನೌಕರರು ನಾಲ್ಕು ವರ್ಷದ ಅವಧಿಯಲ್ಲಿ ಒಂದು ಸ್ವಂತ ಊರಿನ ಎಲ್‌ಟಿಸಿಯನ್ನು ಅಂಡಮಾನ್ ಪ್ರವಾಸಕ್ಕೆ ಬದಲಾಯಿಸಿಕೊಳ್ಳುವ ವಿಶೇಷ ಅವಕಾಶವನ್ನು ಸರ್ಕಾರ ಹಲವು ವರ್ಷಗಳಿಂದ ವಿಸ್ತರಿಸುತ್ತ ಬಂದಿದೆ. ವಿಮಾನದ ಅರ್ಹತೆ ಇಲ್ಲದ ಶ್ರೇಣಿಯವರಿಗೂ ಚೆನ್ನೈ, ಕೋಲ್ಕತ್ತ ಅಥವಾ ವಿಶಾಖಪಟ್ಟಣದಿಂದ ಪೋರ್ಟ್ ಬ್ಲೇರ್‌ಗೆ ಸಾಮಾನ್ಯ ದರ್ಜೆಯ ವಿಮಾನ ಪ್ರಯಾಣಕ್ಕೆ ಇದರಲ್ಲಿ ಅನುಮತಿ ಇದೆ. ಊರಿನಿಂದ ಚೆನ್ನೈವರೆಗೆ ನಿಮ್ಮ ಶ್ರೇಣಿಗೆ ತಕ್ಕ ರೈಲು. ಆದ್ದರಿಂದ ನೀವು ಬೆಂಗಳೂರಿನಿಂದ ನೇರ ವಿಮಾನ ಹಿಡಿಯುವ ಬದಲು ದಾವಣಗೆರೆಯಿಂದ ಬೆಂಗಳೂರು ಮಾರ್ಗವಾಗಿ ಚೆನ್ನೈಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಹಾರಿದರೆ ಹಣ ವಾಪಸು ಪಡೆಯುವುದು ಸಲೀಸು. ಟಿಕೆಟ್ಟನ್ನು ಸರ್ಕಾರ ಗೊತ್ತುಮಾಡಿದ ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರರಲ್ಲಿ ಒಂದರ ಮೂಲಕವೇ ಕೊಳ್ಳಬೇಕು. ಖಾಸಗಿ ಏಜೆಂಟರ ಪ್ಯಾಕೇಜ್‌ನೊಳಗೆ ವಿಮಾನ ಟಿಕೆಟ್ಟನ್ನು ಸೇರಿಸಿದಿರೋ, ಬಿಲ್ಲು ತಿರಸ್ಕಾರವಾಗುವುದು ಬಹುತೇಕ ಖಚಿತ. ನಿಮ್ಮ ಸ್ವಂತ ಊರೂ ಕೆಲಸದ ಊರೂ ಒಂದೇ ಆಗಿದ್ದರೆ ಈ ಬದಲಾವಣೆ ಸಿಗುವುದಿಲ್ಲ. ಆಗ ಭಾರತದೊಳಗೆ ಎಲ್ಲಿಗಾದರೂ ಹೋಗುವ ಎಲ್‌ಟಿಸಿ ಬಾಕಿ ಇದೆಯೇ ನೋಡಿ. ತಾಯಿಯವರು ನಿಮ್ಮ ಅವಲಂಬಿತರೆಂದು ಕಚೇರಿಯ ದಾಖಲೆಯಲ್ಲಿ ಇರಬೇಕು. ಇವನ್ನೆಲ್ಲ ಟಿಕೆಟ್ ಕೊಳ್ಳುವ ಮೊದಲೇ ಲಿಖಿತವಾಗಿ ಕೇಳಿ ಒಪ್ಪಿಗೆ ಪಡೆಯಿರಿ. ಮುಂಗಡವೂ ಸಿಗುತ್ತದೆ.

ಎಲ್‌ಟಿಸಿ ಸಿಗದೇ ಹೋದರೂ ಲೆಕ್ಕ ಹೊಂದುತ್ತದೆ. ಬೇಗ ಕೊಂಡರೆ ನಾಲ್ವರ ವಿಮಾನಕ್ಕೆ 70 ಸಾವಿರ ಎಂದಿಟ್ಟುಕೊಳ್ಳಿ. ಸಾಧಾರಣ ಮಟ್ಟದ ಎರಡು ಕೋಣೆಗಳಿಗೆ ಆರು ರಾತ್ರಿ, ಕೋಣೆಗೆ 3,000ದಂತೆ 36 ಸಾವಿರ. ಊಟಕ್ಕೆ ತಲೆಗೆ ದಿನಕ್ಕೆ 800ರಂತೆ ಏಳು ದಿನಕ್ಕೆ 22,400. ಕಾರು, ಆಟೊಗಳಿಗೆ 15 ಸಾವಿರ. ಮಗಳ ಸ್ಕೂಬಾ, ತಾಯಿಯವರ ಗಾಜಿನ ತಳದ ದೋಣಿ, ಪ್ರವೇಶದ ಚೀಟಿಗಳಿಗೆ 8 ಸಾವಿರ. ಇನ್ನು ನೀರು ದಾಟುವ ಖರ್ಚು: ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್, ಅಲ್ಲಿಂದ ನೀಲ್, ನೀಲ್‌ನಿಂದ ಮರಳಿ ಪೋರ್ಟ್ ಬ್ಲೇರ್. ಖಾಸಗಿ ಫೆರಿಯಲ್ಲಿ ಪ್ರತಿ ಹಂತಕ್ಕೆ ತಲೆಗೆ 1,500ರಂತೆ 18 ಸಾವಿರ. ಒಟ್ಟು 1.7 ಲಕ್ಷದ ಒಳಗೆ. ಸರ್ಕಾರಿ ದೋಣಿಗಳು ಇದಕ್ಕಿಂತ ಬಹಳ ಅಗ್ಗ. ಆದರೆ ತಾಯಿಯವರ ಜೊತೆ ಹೋಗುವಾಗ ಖಾಸಗಿ ಫೆರಿಗೇ ಹಣ ಕೊಡಿ. ಜೆಟ್ಟಿಯಿಂದ ಹಲಗೆಯ ಮೇಲೆ ನಡೆದು ಒಳಗೆ ಹೋಗಬಹುದು, ಗೊತ್ತಾದ ಆಸನ ಇರುತ್ತದೆ. ಬೆಳಗಿನ ಫೆರಿಯನ್ನೇ ಆರಿಸಿ; ವಾಂತಿಯಾಗುವ ಅಭ್ಯಾಸ ಇರುವವರಿಗೆ ಅರ್ಧ ಗಂಟೆ ಮೊದಲು ಮಾತ್ರೆ ಕೊಡಿ.

ಮೂರು ದಾಟುವಿಕೆ ಹೆಚ್ಚಾಯಿತಲ್ಲ, ನೀಲ್ ಬಿಟ್ಟರೆ ಆಗದೇ ಎಂದು ಕೇಳಬಹುದು. ಹ್ಯಾವ್ಲಾಕ್‌ನಿಂದ ಹೇಗೂ ಮರಳಬೇಕು. ನೀಲ್ ಮೂಲಕ ಮರಳಿದರೆ ಹೆಚ್ಚಾಗುವುದು ಒಂದು ಗಂಟೆಯ ಸಣ್ಣ ಹಾದಿ ಮಾತ್ರ. ನೀಲ್ ಸಣ್ಣ, ಸಮತಟ್ಟಾದ ದ್ವೀಪ, ತರಕಾರಿ ತೋಟಗಳ ನಡುವೆ ಸಾಗುವ ರಸ್ತೆಗಳು. ಕಡಲು ನೋಡಿಕೊಂಡು ಸುಮ್ಮನೆ ಕೂರಬೇಕೆನ್ನುವ ಹಿರಿಯರಿಗೆ ಹ್ಯಾವ್ಲಾಕ್‌ಗಿಂತ ನೀಲ್ ಹಿತ. ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿ, ಹ್ಯಾವ್ಲಾಕ್‌ನಲ್ಲಿ ಎರಡು, ನೀಲ್‌ನಲ್ಲಿ ಎರಡು, ಮತ್ತೆ ಪೋರ್ಟ್ ಬ್ಲೇರ್‌ನಲ್ಲಿ ಒಂದು. ಕೊನೆಯ ಆ ರಾತ್ರಿಯನ್ನು ಯಾರು ಹೇಳಿದರೂ ಕೈಬಿಡಬೇಡಿ. ಗಾಳಿ ಎದ್ದರೆ ಫೆರಿ ರದ್ದಾಗುತ್ತದೆ; ಫೆರಿ ಇಳಿದ ದಿನವೇ ವಿಮಾನ ಹತ್ತುವ ಯೋಜನೆ ಹಾಕಿದವರು ಹೊಸ ಟಿಕೆಟ್ಟಿಗೆ ದುಪ್ಪಟ್ಟು ತೆತ್ತಿದ್ದನ್ನು ನೋಡಿದ್ದೇನೆ. ಮಗಳು ಸ್ಕೂಬಾ ಮಾಡಿದರೆ ವಿಮಾನಕ್ಕೂ ಅದಕ್ಕೂ ನಡುವೆ ಕನಿಷ್ಠ 18 ಗಂಟೆ ಇರಬೇಕೆಂಬ ಆರೋಗ್ಯದ ನಿಯಮಕ್ಕೂ ಈ ಕ್ರಮ ಸರಿಹೋಗುತ್ತದೆ.

ಕೋಣೆ ಕಾಯ್ದಿರಿಸುವಾಗ ಚಿತ್ರ ನೋಡಿ ಮರುಳಾಗಬೇಡಿ. ಹ್ಯಾವ್ಲಾಕ್‌ನ ಹೆಚ್ಚಿನ ತಂಗುದಾಣಗಳು ಪೂರ್ವ ದಡದ ವಿಜಯನಗರ, ಗೋವಿಂದನಗರ ತೀರಗಳಲ್ಲಿವೆ. ಉಬ್ಬರದ ಹೊತ್ತಿನಲ್ಲಿ ತೆಗೆದ ಚಿತ್ರದಲ್ಲಿ ನೀಲಿ ನೀರು ಅಂಗಳಕ್ಕೇ ಬಂದಂತಿರುತ್ತದೆ. ಇಳಿತದಲ್ಲಿ ಅದೇ ನೀರು ಬಹುದೂರ ಸರಿದು, ಚೂಪು ಹವಳದ ಕಲ್ಲುಗಳೂ ಕೆಸರು ಮರಳೂ ಹೊರಬೀಳುತ್ತವೆ. ಅಲ್ಲಿ ಈಜಲಾಗದು, ಬರಿಗಾಲಲ್ಲಿ ನಡೆದರೆ ಪಾದ ಕುಯ್ಯುತ್ತದೆ. ಆದ್ದರಿಂದ ಕಡಲಿಗೆ ಅಂಟಿದ ಕೋಣೆಗೆಂದು ಎರಡು ಸಾವಿರ ಹೆಚ್ಚು ಕೊಡುವ ಮೊದಲು ಆ ದಿನಗಳ ಉಬ್ಬರ-ಇಳಿತದ ವೇಳಾಪಟ್ಟಿ ನೋಡಿ. ರಸ್ತೆಯ ಆಚೆ ಬದಿಯ ಅಗ್ಗದ ಕೋಣೆ ಹಿಡಿದು, ಈಜಲು ಪಶ್ಚಿಮದ ರಾಧಾನಗರ ತೀರಕ್ಕೆ ಹೋಗುವುದೇ ಜಾಣತನ. ಅಲ್ಲಿ ನುಣುಪು ಮರಳು, ಕಲ್ಲಿಲ್ಲ. ನೀಲ್‌ನ ಭರತಪುರ ತೀರಕ್ಕೂ ಉಬ್ಬರದ ಹೊತ್ತಿಗೇ ಹೋಗಿ; ಗಾಜಿನ ತಳದ ದೋಣಿಯಲ್ಲಿ ಕೂತು ತಾಯಿಯವರು ಹವಳವನ್ನೂ ಮೀನುಗಳನ್ನೂ ಕಾಣಬಹುದು.

ಗಡಿಯಾರದ ವಿಷಯವೊಂದು. ದ್ವೀಪಗಳು ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಐದಕ್ಕೆಲ್ಲ ಬೆಳಕು ಹರಿದಿರುತ್ತದೆ, ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಒಂಬತ್ತಕ್ಕೆ ತಿಂಡಿ ತಿಂದು ಹೊರಟರೆ ಅರ್ಧ ದಿನ ಹೋದಂತೆ. ರಾಧಾನಗರದ ಸೂರ್ಯಾಸ್ತಕ್ಕೆ ನಾಲ್ಕು ಗಂಟೆಗೇ ಅಲ್ಲಿರಿ.

ಊಟಕ್ಕೆ ಚಿಂತೆ ಬೇಡ. ತಮಿಳರು, ತೆಲುಗರು, ಬಂಗಾಳಿಗಳು ನೆಲೆಸಿದ ಊರು ಅದು. ಇಡ್ಲಿ, ದೋಸೆ, ಅನ್ನ, ಸಾರು ಪೋರ್ಟ್ ಬ್ಲೇರ್‌ನಲ್ಲಿ ಧಾರಾಳವಾಗಿ, ಹ್ಯಾವ್ಲಾಕ್ ಪೇಟೆಯಲ್ಲಿ ಸಾಕಷ್ಟು ಸಿಗುತ್ತವೆ. ನೀಲ್‌ಗೆ ಹೋಗುವ ಮುನ್ನ ನಗದು ಇಟ್ಟುಕೊಳ್ಳಿ.

ಏಜೆಂಟರು ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗಳನ್ನು ಸೇರಿಸುತ್ತೇವೆ ಎನ್ನುತ್ತಾರೆ. ಬೇಡ ಎನ್ನಿ. ಮಧ್ಯರಾತ್ರಿ ಕಳೆದ ಹೊತ್ತಿಗೇ ಎದ್ದು ನೂರು ಕಿಲೋಮೀಟರ್ ಹೋಗಿ ಅದೇ ದಿನ ಮರಳುವುದು ತಾಯಿಯವರಿಗೆ ಆಗದ ಮಾತು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಆ ರಸ್ತೆ ಜರವಾ ಎಂಬ ಆದಿವಾಸಿ ಜನರ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಅಲ್ಲಿ ವಾಹನ ನಿಲ್ಲಿಸುವುದು, ಅವರ ಚಿತ್ರ ತೆಗೆಯುವುದು, ತಿಂಡಿ ಕೊಡುವುದು ಅಪರಾಧ. ಆದರೂ ಹೋಗುವವರಲ್ಲಿ ಹಲವರು ಗುಹೆಗಿಂತ ಆ ಜನರನ್ನು ನೋಡಲೆಂದೇ ಕಿಟಕಿಗೆ ಕಣ್ಣಿಟ್ಟು ಕೂರುತ್ತಾರೆ. ಎಂಟನೇ ತರಗತಿಯ ಮಗುವಿಗೆ ಅದನ್ನು ಪ್ರವಾಸವೆಂದು ತೋರಿಸಬಾರದು. ಆ ದಿನವನ್ನು ಸೆಲ್ಯುಲರ್ ಜೈಲಿಗೆ ಕೊಡಿ. 1896ರಿಂದ 1906ರವರೆಗೆ ಕಟ್ಟಿದ ಆ ಕಟ್ಟಡದಲ್ಲಿ ಕೋಣೆಗಳನ್ನು ಎಷ್ಟು ಒಂಟಿಯಾಗಿ ಮಾಡಿದ್ದಾರೆಂಬುದನ್ನು ಮಗಳು ಒಳಗೆ ನಿಂತು ನೋಡಲಿ. ದಡದಲ್ಲಿ ಬಿದ್ದ ಹವಳ, ಶಂಖಗಳನ್ನು ಚೀಲಕ್ಕೆ ಹಾಕಿಕೊಳ್ಳಬೇಡಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ, ವನ್ಯಜೀವಿ ಕಾಯ್ದೆಯಡಿ ಮೊಕದ್ದಮೆಯಾಗುತ್ತದೆ.

ಏಪ್ರಿಲ್‌ನಲ್ಲಿ ನಿಮಗೆ ರಜೆ ಮಂಜೂರಾಗದೆ ದಸರಾ ರಜೆಗೆ ಮುಂದೂಡಿದರೆ ನನ್ನ ಉತ್ತರ ಬದಲಾಗುತ್ತದೆ. ಅಕ್ಟೋಬರ್‌ನಲ್ಲಿ ಅಂಡಮಾನ್‌ಗೆ ಹಿಂಗಾರಿನ ಮಳೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತದ ಕಾಲ. ಆಗ ಒಳ್ಳೆಯ ಹವೆ ಇರುವುದು ಬಾಲಿಯಲ್ಲಿ. ಅಷ್ಟರೊಳಗೆ 75 ಸಾವಿರ ಹೆಚ್ಚಿಗೆ ಕೂಡಿದರೆ ಪತ್ನಿಯವರ ಆಸೆಯಂತೆ ಅಲ್ಲಿಗೆ ಹೋಗಿ. ಕೂಡದಿದ್ದರೆ ಇರುವ ಹಣವನ್ನು ಮುಟ್ಟದೆ ಮುಂದಿನ ಫೆಬ್ರುವರಿ ಅಥವಾ ಏಪ್ರಿಲ್‌ವರೆಗೆ ಕಾಯಿರಿ. ಮಗಳಿಗೆ ಅಲ್ಲಿಯವರೆಗೆ ತಡೆಯಲಾಗದಿದ್ದರೆ ಮಳೆ ನಿಂತ ಮೇಲೆ ಮುರ್ಡೇಶ್ವರಕ್ಕೆ ಕರೆದೊಯ್ಯಿರಿ. ಅಲ್ಲಿಂದ ನೇತ್ರಾಣಿ ದ್ವೀಪದ ಬಳಿಗೆ ದೋಣಿಯಲ್ಲಿ ಕರೆದುಕೊಂಡು ಹೋಗಿ ತರಬೇತುದಾರರ ಜೊತೆಯಲ್ಲೇ ನೀರಿನಡಿಗೆ ಇಳಿಸುತ್ತಾರೆ, ತಾಯಿಯವರು ಅಷ್ಟು ಹೊತ್ತು ದೇವಸ್ಥಾನದಲ್ಲಿರಬಹುದು.